ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು



ಈ ಕುರ್ಚಿಯಲ್ಲಿ ವಿದ್ವಾಂಸರನ್ನೋ ವೈದ್ಯರನ್ನೋ ಕೃಷಿಕರನ್ನೋ ಕೂರಿಸಿ, ಕ್ಯಾಮೆರಾದ ಹಿಂದೆ ನಿಂತು ಗಡಿಯಾರ ನೋಡುವುದು ನನ್ನ ನಿತ್ಯದ ಕೆಲಸ. ಇಂದು ನಾನೇ ಕುಳಿತಿದ್ದೇನೆ. ಹಳೆಯ ಕಾರುಗಳ ಮಾತು ಬಂದಾಗಲೆಲ್ಲ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. ‘ನಮ್ಮ ಮನೆಯ ಅಂಬಾಸಿಡರ್ ಬಿಸಿಲಲ್ಲಿ ನಿಂತುಹೋಗುತ್ತೆ. ಎಲೆಕ್ಟ್ರಿಕ್ ಪಂಪು ಹಾಕಿಸಿದರೆ ಸರಿಹೋಗುತ್ತಾ?’ ಉತ್ತರ ಚಿಕ್ಕದು: ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಹಳೆಯ ಪಂಪು ನಮಗೆ ಗೊತ್ತಿಲ್ಲದಂತೆಯೇ ಮಾಡುತ್ತಿದ್ದ ಒಂದು ಕಾವಲಿನ ಕೆಲಸವಿದೆ. ಹೊಸ ಪಂಪು ಬಂದಾಗ ಆ ಕಾವಲು ತಪ್ಪಿಹೋಗುತ್ತದೆ. ಅದನ್ನು ನಾವು ಕೈಯಾರೆ ಮತ್ತೆ ಕೂರಿಸಬೇಕು. ಇಂದಿನ ಮಾತಿನ ಸಾರ ಇಷ್ಟೇ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟು ತಿಂದು.

ನನ್ನ ಊರು ಟಿ. ನರಸೀಪುರ. ತಾಯಿಯ ತವರು ನಂಜನಗೂಡು. ಕಾವೇರಿಯೂ ಕಪಿಲೆಯೂ ಕೂಡುವ ಊರಿನಿಂದ ಅದೇ ಕಪಿಲೆಯ ದಡದ ಇನ್ನೊಂದು ಊರಿಗೆ ವರ್ಷಕ್ಕೆ ಹತ್ತಾರು ಸಲ ನಮ್ಮ ಓಡಾಟ. ಶ್ರೀಕಂಠೇಶ್ವರನ ದೊಡ್ಡ ಜಾತೆಗಂತೂ ಹೋಗಲೇಬೇಕು. ಐದು ತೇರುಗಳ ಆ ಜಾತ್ರೆ ಬರುವುದು ಮಾರ್ಚ್-ಏಪ್ರಿಲ್ ತಿಂಗಳ ಸುಡು ಬಿಸಿಲಿನಲ್ಲಿ. ನಮ್ಮ ತಂದೆಯವರ ಬಳಿ ಇದ್ದದ್ದು 1974ರ ಅಂಬಾಸಿಡರ್ ಮಾರ್ಕ್ ಟೂ. ಅಜ್ಜಿ, ಚಿಕ್ಕಮ್ಮ, ನಾವು ಮಕ್ಕಳು, ಬಾಳೆ ಎಲೆಯ ಕಟ್ಟು, ಹಿತ್ತಾಳೆ ಪಾತ್ರೆ ಎಲ್ಲ ತುಂಬಿಕೊಂಡು ಹೊರಟರೆ, ಸುತ್ತೂರಿನ ಕಡೆಯ ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಕಾರು ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಅಪ್ಪ ಒಂದು ಮಾತೂ ಆಡದೆ ಹೆಗಲ ಮೇಲಿನ ಟವೆಲನ್ನು ನಾಲೆಯ ನೀರಿನಲ್ಲಿ ಅದ್ದಿ ತಂದು, ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿದ್ದ ಒಂದು ಸಣ್ಣ ಬಟ್ಟಲಿನಂಥ ವಸ್ತುವಿಗೆ ಸುತ್ತುತ್ತಿದ್ದರು. ಕಾಲು ಗಂಟೆಯ ನಂತರ ಸೆಲ್ಫ್ ಹೊಡೆದರೆ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ಕಂಡಿದ್ದ ನನಗೆ, ಕಾರಿಗೂ ಜ್ವರ ಬರುತ್ತದೆ ಎಂದೇ ಆ ವಯಸ್ಸಿನಲ್ಲಿ ನಂಬಿಕೆ.

ಮುಂದೆ ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಆ ಜ್ವರದ ಕಾರಣ ತಿಳಿಯಿತು.

ಆ ಬಟ್ಟಲಿನಂಥ ವಸ್ತುವೇ ಪೆಟ್ರೋಲ್ ಪಂಪು. ನಮ್ಮ ಮೆಕ್ಯಾನಿಕ್‌ಗಳು ಅದನ್ನು ‘ಎ.ಸಿ. ಪಂಪು’ ಎನ್ನುತ್ತಾರೆ. ತಂಪು ಮಾಡುವ ಎ.ಸಿ.ಗೂ ಇದಕ್ಕೂ ಸಂಬಂಧವಿಲ್ಲ. ಆಲ್ಬರ್ಟ್ ಚಾಂಪಿಯನ್ ಎಂಬ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳಿಂದ ಬಂದ ಗುರುತು ಅದು. ಒಳಗೆ ಒಂದು ರಬ್ಬರ್ ಲೇಪದ ಬಟ್ಟೆಯ ಪರದೆ, ಅಂದರೆ ಡಯಾಫ್ರಂ. ಎಂಜಿನ್ನಿನ ಕ್ಯಾಮ್ ಶಾಫ್ಟ್ ಒಂದು ಸನ್ನೆಯನ್ನು ಒತ್ತಿದಾಗಲೆಲ್ಲ ಪರದೆ ಕೆಳಗಿಳಿದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರುತ್ತದೆ. ಸ್ಪ್ರಿಂಗು ಪರದೆಯನ್ನು ಮೇಲಕ್ಕೆ ದೂಡಿದಾಗ ಪೆಟ್ರೋಲು ಕಾರ್ಬೊರೇಟರಿಗೆ ಹೋಗುತ್ತದೆ. ಟ್ಯಾಂಕು ಹಿಂದೆ, ಪಂಪು ಮುಂದೆ. ನಡುವೆ ಕಾರಿನ ಉದ್ದಕ್ಕೂ ಕೊಳವೆ. ಇಲ್ಲಿಯೇ ತೊಂದರೆಯ ಬೀಜ ಇರುವುದು.

ದ್ರವ ಕುದಿಯುವುದು ಶಾಖದಿಂದ ಮಾತ್ರವಲ್ಲ, ಅದರ ಮೇಲಿನ ಒತ್ತಡ ಕಡಿಮೆಯಾದರೂ ಬೇಗ ಕುದಿಯುತ್ತದೆ. ಊಟಿಯಲ್ಲಿ ಅನ್ನ ಬೇಯುವುದು ನಿಧಾನ, ಏಕೆಂದರೆ ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿದುಬಿಡುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಇದರ ವಿರುದ್ಧ. ಒತ್ತಡ ಹೆಚ್ಚು, ಕುದಿಯುವುದು ತಡ. ಪೆಟ್ರೋಲು ನೀರಿನಂತೆ ಒಂದೇ ವಸ್ತುವಲ್ಲ, ಹಲವು ದ್ರವಗಳ ಬೆರಕೆ. ಅದರ ಅತ್ಯಂತ ಹಗುರವಾದ ಅಂಶಗಳು 35-40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯಲು ಮೊದಲು ಮಾಡುತ್ತವೆ. ಬಾನೆಟ್ಟಿನ ಕೆಳಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಅದರ ಜೊತೆಗೆ ಪಂಪು ಹೀರುತ್ತಿದೆ. ಹೀರುವುದೆಂದರೆ ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುವುದು ಎಂದೇ ಅರ್ಥ. ಶಾಖ ಹೆಚ್ಚು, ಒತ್ತಡ ಕಡಿಮೆ. ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನೇ ಹಿಗ್ಗಿಸುತ್ತ ಕುಗ್ಗಿಸುತ್ತ ಸುಮ್ಮನೆ ಬಡಿದುಕೊಳ್ಳುತ್ತದೆ, ಪೆಟ್ರೋಲು ಮುಂದೆ ಸಾಗುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು ವೇಪರ್ ಲಾಕ್ ಎನ್ನುತ್ತಾರೆ. ಅಪ್ಪನ ಒದ್ದೆ ಟವೆಲ್ ಮಾಡುತ್ತಿದ್ದುದು ಮಣ್ಣಿನ ಹೂಜಿ ಮಾಡುವ ಕೆಲಸ. ನೀರು ಆರುವಾಗ ಪಂಪಿನ ಶಾಖವನ್ನು ಒಯ್ಯುತ್ತಿತ್ತು, ಆವಿ ಮತ್ತೆ ದ್ರವವಾಗುತ್ತಿತ್ತು.

ಇನ್ನೊಂದು ಸಂಗತಿ ಗಮನಿಸಿ. ಓಡುವಾಗ ಚೆನ್ನಾಗಿದ್ದ ಕಾರು, ಕಾಫಿಗೆಂದು ಹತ್ತು ನಿಮಿಷ ನಿಲ್ಲಿಸಿದ ಮೇಲೆ ಹೊರಡುವುದಿಲ್ಲ. ಎಂಜಿನ್ ನಿಂತೊಡನೆ ಫ್ಯಾನೂ ನಿಲ್ಲುತ್ತದೆ, ಎದುರುಗಾಳಿಯೂ ಇಲ್ಲ. ಕಬ್ಬಿಣದ ರಾಶಿಯೊಳಗಿನ ಶಾಖ ಮೇಲಕ್ಕೇರಿ ಬಾನೆಟ್ಟಿನ ಕೆಳಗಿನ ಬಿಸಿ ಇನ್ನಷ್ಟು ಹೆಚ್ಚುತ್ತದೆ. ತಣ್ಣಗಾಗಲೆಂದು ನಿಲ್ಲಿಸಿದ್ದು ಮೊದಲಿಗೆ ಕಾಯಿಸುತ್ತದೆ.

ಈಗ ಎಲೆಕ್ಟ್ರಿಕ್ ಪಂಪಿನ ತಿರುಳು ಹೇಳುವುದು ಸುಲಭ. ಅದನ್ನು ಎಂಜಿನ್ನಿನ ಬಳಿಯಲ್ಲ, ಹಿಂದೆ ಟ್ಯಾಂಕಿನ ಪಕ್ಕದಲ್ಲಿ ಕೂರಿಸುತ್ತೇವೆ. ಅದು ಹೀರುವುದು ಅಂಗೈಯಗಲದ ದೂರದಿಂದ, ಉಳಿದ ದಾರಿಯುದ್ದಕ್ಕೂ ದೂಡುತ್ತದೆ. ದೂಡುವ ಕೊಳವೆಯಲ್ಲಿ ಒತ್ತಡ ಹೆಚ್ಚು, ಹಾಗಾಗಿ ಪೆಟ್ರೋಲು ಕುದಿಯುವುದು ಕಷ್ಟ. ಇದು ಹೊಸ ಉಪಾಯವೇನೂ ಅಲ್ಲ. ನಮ್ಮ ಹಿರಿಯರು ಓಡಿಸುತ್ತಿದ್ದ ಮಾರಿಸ್ ಮೈನರ್ ಕಾರಿನಲ್ಲಿ ಎಸ್.ಯು. ಎಂಬ ವಿದ್ಯುತ್ ಪಂಪೇ ಇತ್ತು. ಕೀ ತಿರುವಿದೊಡನೆ ಟಿಕ್ ಟಿಕ್ ಎಂದು ಸದ್ದು ಮಾಡಿ, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತಿತ್ತು.

ಆದರೆ ಪಂಪು ಕೊಳ್ಳಲು ಓಡುವ ಮೊದಲು ಕಾಯಿಲೆ ಯಾವುದೆಂದು ಖಚಿತ ಮಾಡಿಕೊಳ್ಳಿ. ಬೆಳಗಿನ ತಂಪಿನಲ್ಲೂ ಕಾರು ನಿಲ್ಲುತ್ತಿದ್ದರೆ ಅದು ವೇಪರ್ ಲಾಕ್ ಅಲ್ಲ. ನಿಂತಾಗ ಟ್ಯಾಂಕಿನ ಮುಚ್ಚಳ ಬಿಚ್ಚಿ. ಬುಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ, ಅದನ್ನು ಬಿಡಿಸಿದರೆ ಸಾಕು. ಆಯಿಲ್ ಕಡ್ಡಿ ಎಳೆದು ಮೂಸಿ. ಪೆಟ್ರೋಲಿನ ವಾಸನೆ ಬಂದರೆ, ಆಯಿಲು ತೆಳ್ಳಗಾಗಿದ್ದರೆ, ಹಳೆಯ ಪಂಪಿನ ಡಯಾಫ್ರಂ ಹರಿದು ಪೆಟ್ರೋಲು ಎಂಜಿನ್ನಿನ ಹೊಟ್ಟೆಗೆ ಇಳಿದಿದೆ. ಆಗ ಆಯಿಲ್ ಬದಲಾಯಿಸದೆ ಕಾರು ಓಡಿಸಬೇಡಿ. ಕಾರ್ಬೊರೇಟರಿನ ಬಟ್ಟಲಿನಲ್ಲೇ ಪೆಟ್ರೋಲು ಕುದಿಯುತ್ತಿದ್ದರೆ ಯಾವ ಪಂಪೂ ಪ್ರಯೋಜನಕ್ಕೆ ಬಾರದು. ಅಲ್ಲಿ ಬೇಕಾದದ್ದು ಕಾರ್ಬೊರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್.

ಪಂಪು ಆರಿಸುವಾಗ ಒಂದೇ ಸಂಖ್ಯೆ ನೆನಪಿಡಿ. ಚಕ್ರದ ಗಾಳಿಯನ್ನು ಪೌಂಡ್ ಲೆಕ್ಕದಲ್ಲಿ ಕೇಳುತ್ತೇವಲ್ಲ, ಅದೇ ಲೆಕ್ಕದಲ್ಲಿ ಹೇಳುವುದಾದರೆ, ಕಾರ್ಬೊರೇಟರಿಗೆ ಬೇಕಾದದ್ದು ಎರಡರಿಂದ ಮೂರು ಪೌಂಡ್ ಒತ್ತಡ. ಇಂದಿನ ಇಂಜೆಕ್ಷನ್ ಕಾರುಗಳ ಪಂಪು ಕೊಡುವುದು 40 ಪೌಂಡಿಗೂ ಹೆಚ್ಚು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದು ಹಾಕುವವರಿದ್ದಾರೆ. ಕಾರ್ಬೊರೇಟರಿನೊಳಗೆ ಪೆಟ್ರೋಲನ್ನು ತಡೆಯುವುದು ಒಂದು ತೇಲುಬುರುಡೆ ಮತ್ತು ಅದು ಒತ್ತಿ ಹಿಡಿಯುವ ಸೂಜಿ. ಮೂರು ಪೌಂಡ್ ತಡೆಯಬಲ್ಲ ಆ ಸೂಜಿ ನಲವತ್ತು ಪೌಂಡಿಗೆ ಸೋತು ತೆರೆದುಕೊಳ್ಳುತ್ತದೆ. ಪೆಟ್ರೋಲು ಕಾರ್ಬೊರೇಟರ್ ತುಂಬಿ ಬಿಸಿಯಾದ ಮ್ಯಾನಿಫೋಲ್ಡಿನ ಮೇಲೆ ಸುರಿಯುತ್ತದೆ. ಹಾಗಾಗಿ ಕಾರ್ಬೊರೇಟರಿಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪನ್ನೇ ಕೇಳಿ. ಅದು ನಾಲ್ಕು ಪೌಂಡಿಗಿಂತ ಹೆಚ್ಚು ಕೊಡುವುದಾದರೆ ನಡುವೆ ಒಂದು ರೆಗ್ಯುಲೇಟರ್ ಇರಲಿ. ಎಷ್ಟು ಲೀಟರ್ ಹರಿಯುತ್ತದೆ ಎಂಬ ಚಿಂತೆ ಬೇಡ. 1489 ಸಿ.ಸಿ.ಯ ಅಂಬಾಸಿಡರ್ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡಿದರೂ ಗಂಟೆಗೆ ಇಪ್ಪತ್ತು ಲೀಟರಿನ ಒಳಗೇ ಕುಡಿಯುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಕೊಡುವ ಪಂಪು ಧಾರಾಳವಾಯಿತು.

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ತಂತಿ ಕಳಚಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಬಯಲಲ್ಲಿ ಮಾಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡಿ ದೂರದ ಬೀಡಿಯ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಪಂಪನ್ನು ಟ್ಯಾಂಕಿನ ತಳದ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ, ಸೈಲೆನ್ಸರ್ ಕೊಳವೆಯಿಂದ ದೂರ, ರಸ್ತೆಯ ಉಬ್ಬು ತಾಗದ ಜಾಗದಲ್ಲಿ, ರಬ್ಬರ್ ಬುಷ್ ಕೊಟ್ಟು ಬಿಗಿಯಿರಿ. ಹಳೆಯ ಪಂಪನ್ನು ಬಿಚ್ಚಿದ ಕಿಂಡಿಗೆ ತಗಡಿನ ಮುಚ್ಚಳ ಮತ್ತು ಗ್ಯಾಸ್ಕೆಟ್ ಹಾಕಿ, ಇಲ್ಲವಾದರೆ ಆಯಿಲು ಎರಚುತ್ತದೆ. ಆದಷ್ಟೂ ಹಳೆಯ ಲೋಹದ ಕೊಳವೆಯನ್ನೇ ಉಳಿಸಿಕೊಳ್ಳಿ. ರಬ್ಬರ್ ಹೋಸ್ ಬೇಕಾದಲ್ಲಿ ಪೆಟ್ರೋಲಿಗೆಂದೇ ತಯಾರಾದದ್ದನ್ನು ಗಿಡ್ಡವಾಗಿ ಕತ್ತರಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿಯಿರಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪು ಖಂಡಿತ ಕೂಡದು.

ಫಿಲ್ಟರುಗಳು ಎರಡು ಬೇಕು. ಟ್ಯಾಂಕು ಮತ್ತು ಪಂಪಿನ ನಡುವೆ ದೊಡ್ಡ ಕಣ್ಣಿನ ಜಾಲರಿ. ಇದು ತುಕ್ಕಿನ ಚೂರುಗಳು ಪಂಪಿಗೆ ಹೋಗದಂತೆ ತಡೆಯಲು. ಪಂಪು ಮತ್ತು ಕಾರ್ಬೊರೇಟರಿನ ನಡುವೆ ಸೂಕ್ಷ್ಮವಾದ ಕಾಗದದ ಫಿಲ್ಟರ್. ಇದು ಜೆಟ್ಟಿನ ಕೂದಲೆಳೆಯಂಥ ರಂಧ್ರವನ್ನು ಕಾಯಲು. ಇದನ್ನು ಅದಲು ಬದಲು ಮಾಡಬಾರದು. ಸೂಕ್ಷ್ಮ ಫಿಲ್ಟರನ್ನು ಪಂಪಿನ ಹಿಂದೆ ಹಾಕಿದರೆ ಪಂಪು ಕಷ್ಟಪಟ್ಟು ಹೀರಬೇಕಾಗುತ್ತದೆ. ಹೀರಿದರೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲು ಕುದಿಯುತ್ತದೆ. ಓಡಿಸಿದ ಕಾಯಿಲೆಯನ್ನು ಹಿಂಬಾಗಿಲಿನಿಂದ ಕರೆದಂತಾಯಿತು. ಫಿಲ್ಟರಿನ ಮೇಲಿನ ಬಾಣದ ಗುರುತು ಪೆಟ್ರೋಲು ಹರಿಯುವ ದಿಕ್ಕಿಗಿರಲಿ. ಪಾರದರ್ಶಕ ಫಿಲ್ಟರ್ ಅರ್ಧ ಖಾಲಿ ಕಂಡರೆ ಗಾಬರಿ ಬೇಡ, ಅದು ಸಹಜ. ಗಾಜಿನ ಫಿಲ್ಟರು ನೋಡಲು ಚೆಂದ, ಆದರೆ ಬಿಸಿ ಎಂಜಿನ್ನಿನ ಮೇಲೆ ಒಡೆಯುವ ವಸ್ತುವನ್ನು ತೂಗುಹಾಕುವುದು ಜಾಣತನವಲ್ಲ.

ವೈರಿಂಗ್ ವಿಚಾರದಲ್ಲಿ ಎರಡು ಎಚ್ಚರಿಕೆ. ಹಳೆಯ ಬ್ರಿಟಿಷ್ ಮಾದರಿಯ ಅನೇಕ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಸೇರಿಸಿರುತ್ತಾರೆ, ಇಂದಿನ ರೂಢಿಗೆ ಅದು ತಿರುಗುಮುರುಗು. ಟ್ರಾನ್ಸಿಸ್ಟರ್ ಇರುವ ಪಂಪನ್ನು ಅಲ್ಲಿ ನೋಡದೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಎರಡನೆಯದು, ಪಂಪಿನ ಕರೆಂಟನ್ನು ಹಳೆಯ ಕೀ ಸ್ವಿಚ್ಚಿನ ಮೂಲಕವೇ ಹರಿಸಬೇಡಿ. ಬ್ಯಾಟರಿಯಿಂದ ನೇರ ಒಂದು ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ನಡುವೆ ರಿಲೇ. ಕೀ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಟ್ಟರೆ ಸಾಕು.

ಇಷ್ಟೂ ನಾನು ಸರಿಯಾಗಿಯೇ ಮಾಡಿದ್ದೆ. ಅಪ್ಪ ಹೋದ ಮೇಲೆ ಕಾರು ನನ್ನ ಪಾಲಿಗೆ ಬಂತು. 2018ರಲ್ಲಿ ಒಂದು ಭಾನುವಾರ ಪೂರ್ತಿ ಕಾರಿನ ಕೆಳಗೆ ಮಲಗಿ, ಪಂಪು ಫಿಲ್ಟರು ಎರಡನ್ನೂ ನಾನೇ ಕೂರಿಸಿದೆ. ವಿಜ್ಞಾನ ಓದಿದವನೆಂಬ ಹೆಮ್ಮೆ ಬೇರೆ. ಮುಂದಿನ ಬೇಸಿಗೆಯಲ್ಲಿ ನಂಜನಗೂಡಿಗೆ ಎರಡು ಸಲ ಹೋಗಿ ಬಂದೆವು. ಒಮ್ಮೆಯೂ ಕಾರು ನಿಲ್ಲಲಿಲ್ಲ. ಟವೆಲ್ ಒಣಗಿಯೇ ಇತ್ತು.

ಮೂರನೆಯ ಸಲ, ಹಿಂತಿರುಗುವಾಗ, ನರಸೀಪುರ ಇನ್ನೇನು ಬಂತು ಎನ್ನುವಾಗ ಎಂಜಿನ್ ನಿಂತಿತು. ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ನನ್ನ ಮಗಳು. ಕೀ ಆನ್ ಆಗಿಯೇ ಇತ್ತು. ಮತ್ತೆ ವೇಪರ್ ಲಾಕೇ ಇರಬೇಕೆಂದು ಯೋಚಿಸುತ್ತ ಕುಳಿತೆ. ಪಕ್ಕದ ಟೈರ್ ಅಂಗಡಿಯಿಂದ ವಯಸ್ಸಾದ ಮೇಸ್ತ್ರಿಯೊಬ್ಬರು ಓಡಿ ಬಂದರು. ‘ಕೀ ಆಫ್ ಮಾಡಿ ಸ್ವಾಮಿ, ಮೊದಲು ಕೀ ಆಫ್ ಮಾಡಿ! ಅಮ್ಮಾ, ಮಗೂನ ಎತ್ಕೊಂಡು ಆ ಕಡೆ ಇಳೀರಿ’ ಎಂದು ಕೂಗಿದರು. ಬಾನೆಟ್ ಎತ್ತಿದರೆ, ಕಾರ್ಬೊರೇಟರಿನ ಹೋಸ್ ಕಳಚಿಕೊಂಡಿತ್ತು. ನಾನು ಕ್ಲಿಪ್ ಬಿಗಿದದ್ದು ಸಾಲದೆ ಬಂದಿತ್ತು. ಎಂಜಿನ್ ನಿಂತಿದ್ದರೂ ಹಿಂದೆ ಪಂಪು ತನ್ನ ಪಾಡಿಗೆ ದೂಡುತ್ತಲೇ ಇತ್ತು. ಎಂಜಿನ್ನಿನ ಮೇಲೆಲ್ಲ ಪೆಟ್ರೋಲು, ಕೆಳಗೆ ರಸ್ತೆಯ ಮೇಲೆ ಒಂದು ಮಡು. ಮೇಸ್ತ್ರಿ ಮರಳು ತಂದು ಸುರಿದರು, ಗುಂಪನ್ನು ದೂರ ಕಳಿಸಿದರು. ಒಂದು ಕಿಡಿ ಬಿದ್ದಿದ್ದರೆ ಇಂದು ನಾನು ಈ ಕುರ್ಚಿಯಲ್ಲಿ ಕೂತು ಮಾತಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ. ‘ಹಳೇ ಎ.ಸಿ. ಪಂಪು ಎಂಜಿನ್ ನಿಂತ್ರೆ ತಾನೂ ನಿಲ್ತಿತ್ತು. ನಿಮ್ಮ ಈ ಪಂಪಿಗೆ ಎಂಜಿನ್ ನಿಂತದ್ದು ಹೇಳೋರು ಯಾರು ಸ್ವಾಮಿ?’

ಪದವಿ ಕಲಿಸದೆ ಬಿಟ್ಟ ಪಾಠ ಆ ಪ್ರಶ್ನೆಯಲ್ಲಿತ್ತು. ಹಳೆಯ ಪಂಪನ್ನು ನಡೆಸುತ್ತಿದ್ದುದು ಎಂಜಿನ್ನೇ. ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲುವುದು ಅದರ ಹುಟ್ಟುಗುಣ. ಎಲೆಕ್ಟ್ರಿಕ್ ಪಂಪಿಗೆ ಆ ಗುಣವಿಲ್ಲ. ಅಪಘಾತವಾಗಿ, ಕೊಳವೆ ಹರಿದು, ಚಾಲಕ ಎಚ್ಚರ ತಪ್ಪಿ ಕೂತಿದ್ದರೂ ಕೀ ಆನ್ ಇರುವವರೆಗೆ ಅದು ಪೆಟ್ರೋಲು ಸುರಿಯುತ್ತಲೇ ಇರುತ್ತದೆ.

ಎಂಜಿನ್ ನಿಂತದ್ದನ್ನು ಪಂಪಿಗೆ ಹೇಳುವ ಕೆಲಸವನ್ನು ಆಯಿಲ್ ಒತ್ತಡದಿಂದ ಮಾಡಿಸಬಹುದು. ಎಂಜಿನ್ ಓಡುತ್ತಿರುವಷ್ಟು ಹೊತ್ತು ಆಯಿಲಿಗೆ ಒತ್ತಡವಿರುತ್ತದೆ, ನಿಂತರೆ ಕೆಲವೇ ಕ್ಷಣಗಳಲ್ಲಿ ಇಳಿಯುತ್ತದೆ. ಆಯಿಲ್ ಗೇಜಿನ ಜಾಗದಲ್ಲಿ ‘ಟಿ’ ಜೋಡಣೆ ಕೊಟ್ಟು ಮೂರು ತುದಿಯ ಪ್ರೆಶರ್ ಸ್ವಿಚ್ ಕೂರಿಸಬೇಕು. ಸೆಲ್ಫ್ ಹೊಡೆಯುವಾಗ ಮಾತ್ರ ಸ್ಟಾರ್ಟರಿನ ಕಡೆಯಿಂದ ರಿಲೇಗೆ ಕರೆಂಟು, ಎಂಜಿನ್ ಹಿಡಿದು ಒತ್ತಡ ಬಂದ ಮೇಲೆ ಕೀ ಕಡೆಯಿಂದ ಕರೆಂಟು. ಒತ್ತಡ ಇಳಿದರೆ ಎರಡೂ ಇಲ್ಲ, ಪಂಪು ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಸುವ ಮಾಮೂಲಿ ಆಯಿಲ್ ಸ್ವಿಚ್ಚು ಇದಕ್ಕೆ ಬಾರದು. ಅದು ಒತ್ತಡ ಇಲ್ಲದಾಗ ಜೋಡಿಕೊಳ್ಳುವಂಥದು, ನಮಗೆ ಬೇಕಾದದ್ದಕ್ಕೆ ನೇರ ವಿರುದ್ಧ.

ಇದರ ಜೊತೆಗೆ ಇನರ್ಷಿಯಾ ಸ್ವಿಚ್ ಎಂಬ ಸಣ್ಣ ಡಬ್ಬಿಯನ್ನೂ ಹಾಕಿಸಿ. ಒಳಗೆ ಒಂದು ಉಕ್ಕಿನ ಗುಂಡನ್ನು ಅಯಸ್ಕಾಂತ ಹಿಡಿದಿರುತ್ತದೆ. ಕಾರು ಬಲವಾಗಿ ಗುದ್ದಿದರೆ ಗುಂಡು ಹಿಡಿತ ಬಿಡಿಸಿಕೊಂಡು ಹಾರಿ ಕರೆಂಟು ಕಡಿಯುತ್ತದೆ. ಎಂಜಿನ್ ಓಡುತ್ತಿದ್ದರೂ ಗುದ್ದಿದ ಕ್ಷಣದಲ್ಲೇ ಪಂಪು ನಿಲ್ಲಲು ಇದು ಬೇಕು.

ಕೆಲಸ ಮುಗಿದ ಮೇಲೆ ಪರೀಕ್ಷೆ ಹೀಗೆ. ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಪಂಪು ಸದ್ದು ಮಾಡಬಾರದು. ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿ ಹಿಡಿದು, ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಿ. ಕೀ ಆನ್ ಇದ್ದಂತೆಯೇ ಪಂಪಿನ ಸದ್ದು ಕೆಲವು ಕ್ಷಣಗಳಲ್ಲಿ ನಿಂತರೆ ಗೆದ್ದಿರಿ. ನಿಲ್ಲದಿದ್ದರೆ ಕಾರನ್ನು ರಸ್ತೆಗೆ ಇಳಿಸಬೇಡಿ. ಕಾರಿನಲ್ಲಿ ಪುಡಿಯ ಅಗ್ನಿಶಾಮಕ ಒಂದಿರಲಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿಯಬಾರದು. ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.

ಇನ್ನೊಂದು ಮಾತು, ನಮ್ಮ ಹೊಲಗಳಿಗೂ ಸಂಬಂಧಿಸಿದ್ದು. ನಂಜನಗೂಡು, ನರಸೀಪುರದ ರೈತರು ಬೆಳೆಯುವ ಕಬ್ಬಿನಂಥ ಬೆಳೆಯಿಂದಲೇ ಎಥನಾಲ್ ತಯಾರಾಗುತ್ತದೆ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಹಳೆಯ ಕಾರುಗಳ ರಬ್ಬರನ್ನು ಇದಕ್ಕೆಂದು ಮಾಡಿದ್ದಲ್ಲ. ಹಳೆಯ ಹೋಸ್, ಡಯಾಫ್ರಂಗಳು ಊದಿಕೊಂಡು ಬಿರುಕು ಬಿಡಬಹುದು. ಎಥನಾಲ್ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನೂ ಕಿತ್ತು ತರುತ್ತದೆ. ಆದ್ದರಿಂದ ಮೊದಲ ಒಂದೆರಡು ಟ್ಯಾಂಕ್ ಪೆಟ್ರೋಲಿನ ನಂತರ ಫಿಲ್ಟರ್ ಬದಲಾಯಿಸಿ. ಹೋಸುಗಳೆಲ್ಲ ಎಥನಾಲ್ ತಡೆಯುವಂಥವಾಗಿರಲಿ. ಎಥನಾಲಿಗೆ ನೀರಿನ ಪಸೆ ಹೀರುವ ಗುಣವೂ ಇದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಉಳಿಸಬೇಡಿ.

ಕೊನೆಯದಾಗಿ, ಬಿಚ್ಚಿದ ಎ.ಸಿ. ಪಂಪನ್ನು ಗುಜರಿಗೆ ಹಾಕಬೇಡಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ಎಂದು ‘ವಿಎ’ ಅಕ್ಷರಗಳ ಸಂಖ್ಯೆಯಲ್ಲಿ ನೋಂದಾಯಿಸಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಇರುವವು ಕಡಿಮೆಯಾಗುತ್ತ ಹೋಗುತ್ತವೆ. ಯಾವುದನ್ನೂ ಕೊರೆಯದೆ, ಬೆಸುಗೆ ಹಾಕದೆ, ಬೇಕೆಂದಾಗ ಹಳೆಯದನ್ನೇ ಮತ್ತೆ ಕೂರಿಸುವಂತೆ ಕೆಲಸ ಮಾಡಿ. ನಮ್ಮ ಮನೆಯ ಹಳೆಯ ಪಂಪು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಕೊಂಡು ಡಿಕ್ಕಿಯಲ್ಲಿದೆ. ಅದರ ಪಕ್ಕದಲ್ಲಿ ಅಪ್ಪನ ಟವೆಲೂ ಇದೆ.

ಈಗ ಜಾತ್ರೆಗೆ ಹೊರಡುವಾಗ ಅಮ್ಮ ಕಾರು ಹತ್ತುವ ಮೊದಲು ಒಂದು ಮಾತು ಕೇಳುತ್ತಾರೆ: ‘ನೋಡಿದೆಯೇನಪ್ಪಾ, ನಿಲ್ಲುತ್ತಾ?’ ಹೊಸಬರು ಕೇಳಿದರೆ ವಿಚಿತ್ರವೆನಿಸೀತು. ಕಾರು ಓಡುತ್ತದೆಯೇ ಎಂದಲ್ಲ ಅವರು ಕೇಳುವುದು, ಪಂಪು ನಿಲ್ಲುತ್ತದೆಯೇ ಎಂದು. ನಾನು ಕೀ ಆನ್ ಮಾಡಿ ಕಿವಿಗೊಡುತ್ತೇನೆ. ಸದ್ದಿಲ್ಲ. ಆಮೇಲೆಯೇ ಸೆಲ್ಫ್ ಹೊಡೆಯುವುದು.

ನಿಮ್ಮ ಪ್ರಯಾಣವೂ ಕ್ಷೇಮವಾಗಿರಲಿ.